ಪ್ರಪಂಚದ ಇತಿಹಾಸಕ್ಕೆ ಯಾವ ಪುಸ್ತಕ ಕೊಡುವುದು?

ನಮ್ಮ ರಾಜ್ಯದಲ್ಲಿ ಪ್ರಥಮ ಪಿಯುಸಿಗೆ ಇತಿಹಾಸ ತೆಗೆದುಕೊಂಡ ವಿದ್ಯಾರ್ಥಿ ಓದುತ್ತ ಬಂದಿರುವುದು ಪ್ರಪಂಚದ ಇತಿಹಾಸವನ್ನು. ಆದಿಮಾನವನಿಂದ ಹೊರಟು ಈಜಿಪ್ಟ್, ಮೆಸೊಪಟೇಮಿಯ, ಗ್ರೀಸ್, ರೋಮ್‌ಗಳನ್ನು ಹಾದು, ಪುನರುಜ್ಜೀವನ, ಕ್ರಾಂತಿಗಳು, ಎರಡು ಮಹಾಯುದ್ಧಗಳನ್ನು ದಾಟಿ ಒಂದೇ ವರ್ಷದಲ್ಲಿ ನಮ್ಮ ಕಾಲದವರೆಗೆ ಬಂದು ಮುಟ್ಟಬೇಕು. ಕೊಪ್ಪಳ ಜಿಲ್ಲೆಯ ಕಾಲೇಜೊಂದರಲ್ಲಿ ಈ ಪಾಠ ಹೇಳುತ್ತ ಬಂದಿರುವ ನನಗೆ, ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ ಕೊಡುವ ಹೊತ್ತು ಬಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ. ಹದಿನಾರು ಹದಿನೇಳರ ವಯಸ್ಸಿನ, ಕನ್ನಡ ಮಾಧ್ಯಮದಲ್ಲಿ ಕಲಿತ, ಬಹುಪಾಲು ಒಕ್ಕಲುತನದ ಮತ್ತು ಕೂಲಿಯ ಮನೆಗಳಿಂದ ಬರುವ ಈ ಮಕ್ಕಳಿಗೆ ಪಠ್ಯಪುಸ್ತಕದ ಆಚೆಗೆ ಜಗತ್ತಿನ ಚರಿತ್ರೆಯ ಯಾವ ಪುಸ್ತಕವನ್ನು ಕೊಡಬೇಕು?

ಸದ್ಯಕ್ಕೆ ಕಪಾಟುಗಳಲ್ಲಿ ಹೆಚ್ಚು ಜಾಗ ಹಿಡಿದಿರುವುದು ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು. ಅವುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಬ್ಬ ಮಗ ಪಿಡಿಒ ಆದರೆ, ಒಬ್ಬ ಮಗಳು ಎಫ್‌ಡಿಎ ಪಾಸಾದರೆ ಇಡೀ ಮನೆಯ ದಿಕ್ಕೇ ಬದಲಾಗುವ ಊರುಗಳಿವು. ಈ ಭಾಗದವರಿಗೆ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಆ ಆಸೆಗೆ ಗಟ್ಟಿಯಾದ ನೆಲೆಯೂ ಸಿಕ್ಕಿದೆ. ಆದರೆ ಆ ಪುಸ್ತಕಗಳಲ್ಲಿ ಇತಿಹಾಸವು ಉತ್ತರಗಳಾಗಿ ಮಾತ್ರ ಇರುತ್ತದೆ. ಬ್ಯಾಸ್ಟಿಲ್ ಸೆರೆಮನೆಯ ಪತನ 1789ರ ಜುಲೈ 14, ವರ್ಸೇಲ್ಸ್ ಒಪ್ಪಂದ 1919, ಹೀಗೆ. ಪ್ಯಾರಿಸಿನ ಜನ ಆ ಬೇಸಿಗೆಯಲ್ಲಿ ರೊಟ್ಟಿಯ ಬೆಲೆಗೆ ಹೇಗೆ ಕಂಗೆಟ್ಟಿದ್ದರು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ವಿಚಿತ್ರವೆಂದರೆ ಪರೀಕ್ಷೆಯ ದೃಷ್ಟಿಯಿಂದಲೂ ಇದು ಸಾಲದು. 2013ರಿಂದ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಹದಿನೆಂಟನೆಯ ಶತಮಾನದಿಂದೀಚಿನ ಪ್ರಪಂಚದ ಇತಿಹಾಸವನ್ನು ಸೇರಿಸಲಾಗಿದೆ, ಅಲ್ಲಿ ಕೇಳುವುದು ಇಸವಿಯನ್ನಲ್ಲ, ಕಾರಣವನ್ನು.

ಹಾಗಾದರೆ ಪುಸ್ತಕವನ್ನು ಆರಿಸುವ ಅಳತೆಗೋಲು ಯಾವುದು? ಸುಲಭ ಭಾಷೆ ಬೇಕು, ನಕಾಶೆ ಬೇಕು, ಯುರೋಪಿನಾಚೆಯ ಜಗತ್ತೂ ಇರಬೇಕು ಎನ್ನುತ್ತೇವೆ. ಇವೆಲ್ಲವೂ ನಿಜ. ಆದರೆ ವರ್ಷಗಳು ಕಳೆದಂತೆ ನನಗೆ ಇವೆಲ್ಲಕ್ಕಿಂತ ಮೇಲೆ ಒಂದು ಪ್ರಶ್ನೆ ನಿಂತಿದೆ. ತಾನು ಹೇಳುತ್ತಿರುವ ಸಂಗತಿ ನಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಈ ಪುಸ್ತಕ ಓದುಗನಿಗೆ ತೋರಿಸುತ್ತದೆಯೇ? ತೋರಿಸಿದರೆ ಅದರಲ್ಲಿರುವ ಉಳಿದ ಕೊರತೆಗಳನ್ನು ತರಗತಿಯಲ್ಲಿ ತುಂಬಿಕೊಳ್ಳಬಹುದು. ತೋರಿಸದಿದ್ದರೆ, ಎಷ್ಟೇ ಚೆಂದದ ಕಾಗದದಲ್ಲಿ ಬಣ್ಣದ ಚಿತ್ರಗಳೊಡನೆ ಅಚ್ಚಾಗಿದ್ದರೂ, ಅದು ವಿದ್ಯಾರ್ಥಿಯನ್ನು ನಂಬುವವನನ್ನಾಗಿ ಮಾಡುತ್ತದೆಯೇ ಹೊರತು ತಿಳಿಯುವವನನ್ನಾಗಿ ಮಾಡುವುದಿಲ್ಲ.

ಈ ಮಾತನ್ನು ನಮ್ಮ ಸೀಮೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗದ ಮಕ್ಕಳು ಈ ಜಿಲ್ಲೆಯಲ್ಲಿ ಸಿಗುವುದು ಅಪರೂಪ. ಆ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಊರಿಗೆ ಹತ್ತಿರದಲ್ಲೇ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಮತ್ತಷ್ಟು ಇವೆ. 1915ರಲ್ಲಿ ಮಸ್ಕಿಯ ಶಾಸನ ಬೆಳಕಿಗೆ ಬಂದಾಗ, ಅಲ್ಲಿಯವರೆಗೆ ಬಂಡೆಗಳ ಮೇಲೆ ಬರಿಯ ಬಿರುದುಗಳಿಂದ ಕಾಣಿಸಿಕೊಳ್ಳುತ್ತಿದ್ದ ದೊರೆಯ ಹೆಸರು ಅಶೋಕ ಎಂಬುದಕ್ಕೆ ಕಲ್ಲಿನಲ್ಲೇ ಆಧಾರ ದೊರೆಯಿತು. ಇದು ನಮ್ಮ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಆದರೆ ಅಶೋಕ ಕ್ರಿಸ್ತಪೂರ್ವ ಮೂರನೆಯ ಶತಮಾನದವನು ಎಂಬುದು ಹೇಗೆ ತಿಳಿಯಿತು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಕಲ್ಲಿನಲ್ಲಿ ಇಸವಿ ಇಲ್ಲವಲ್ಲ.

ಬಳ್ಳಾರಿಯಿಂದ ಗುಂತಕಲ್ಲು, ಗುತ್ತಿಯ ಕಡೆ ಹೋದರೆ ಎರ್ರಗುಡಿ ಸಿಗುತ್ತದೆ. ಅಲ್ಲಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಹದಿಮೂರನೆಯದು ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುವಂಥದ್ದು, ಪಶ್ಚಿಮದ ಐವರು ಗ್ರೀಕ್ ದೊರೆಗಳನ್ನು ಹೆಸರಿಸುವುದೂ ಅದೇ. ಅಂತಿಯೋಕನೆಂದರೆ ಸಿರಿಯಾದ ಎರಡನೆಯ ಆಂಟಿಯೊಕಸ್. ತುರಮಾಯನೆಂದರೆ ಈಜಿಪ್ಟಿನ ಎರಡನೆಯ ಟಾಲೆಮಿ. ಉಳಿದವರು ಮ್ಯಾಸಿಡೋನಿಯದ ಆಂಟಿಗೋನಸ್, ಸೈರೀನಿನ ಮಾಗಸ್ ಮತ್ತು ಅಲೆಕ್ಸಾಂಡರ್ ಎಂಬ ಇನ್ನೊಬ್ಬ ಅರಸ. ಇವರ ಆಳ್ವಿಕೆಯ ವರ್ಷಗಳು ಆ ದೇಶಗಳ ದಾಖಲೆಗಳಿಂದ ಗೊತ್ತಿವೆ. ಐವರೂ ಏಕಕಾಲಕ್ಕೆ ಬದುಕಿದ್ದ ಕೆಲವೇ ವರ್ಷಗಳ ಅವಧಿಯನ್ನು ಗುರುತಿಸಿದರೆ ಅಶೋಕನ ಕಾಲ ತಾನಾಗಿಯೇ ನಿಲ್ಲುತ್ತದೆ. ಭಾರತದ ಇತಿಹಾಸದ ಒಂದು ಮುಖ್ಯ ಕಾಲಗಣನೆ ಈಜಿಪ್ಟ್ ಮತ್ತು ಸಿರಿಯಾಗಳ ಇತಿಹಾಸಕ್ಕೆ ಆತುಕೊಂಡಿದೆ ಎಂಬುದು ಅರ್ಥವಾದ ವಿದ್ಯಾರ್ಥಿ, ಪ್ರಪಂಚದ ಇತಿಹಾಸ ನಮಗೇಕೆ ಎಂದು ಮತ್ತೆ ಕೇಳಿದ್ದನ್ನು ನಾನು ಕಂಡಿಲ್ಲ. ಹೆಲೆನಿಸ್ಟಿಕ್ ಯುಗದ, ಎಂದರೆ ಅಲೆಕ್ಸಾಂಡರನ ನಂತರದ ಗ್ರೀಕ್ ದೊರೆಗಳ ಕಾಲದ, ಬಗ್ಗೆ ಬರೆಯುವ ಪುಸ್ತಕ ಈ ಒಂದು ಪುಟವನ್ನಾದರೂ ಕೊಟ್ಟಿದೆಯೇ ಎಂದು ನಾನು ನೋಡುತ್ತೇನೆ. ಕನ್ನಡದಲ್ಲಿ ಸಿಗುವ ಸಂಕ್ಷಿಪ್ತ ಪುಸ್ತಕಗಳಲ್ಲಿ ಹಲವು ಅಲೆಕ್ಸಾಂಡರನ ಮರಣದೊಂದಿಗೆ ಗ್ರೀಕರನ್ನು ಬೀಳ್ಕೊಟ್ಟು ನೇರವಾಗಿ ರೋಮಿಗೆ ಹೋಗಿಬಿಡುತ್ತವೆ.

ಪುರಾವೆಯ ನಂತರ ನಾನು ನೋಡುವುದು ಕಾರಣವನ್ನು. ಇದಕ್ಕೆ ಮೆಸೊಪಟೇಮಿಯದ ಅಧ್ಯಾಯವೇ ಒಳ್ಳೆಯ ಪರೀಕ್ಷೆ. ಬಹುತೇಕ ಪುಸ್ತಕಗಳಲ್ಲಿ ಆ ಅಧ್ಯಾಯ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ. ಟೈಗ್ರಿಸ್ ಮತ್ತು ಯುಫ್ರಟಿಸ್ ನದಿಗಳು, ಜಿಗ್ಗುರಾತ್, ಬೆಣೆಲಿಪಿ, ಹಮ್ಮುರಾಬಿಯ ಕಾನೂನು, ಕೊನೆಗೆ ಪರಕೀಯರ ದಾಳಿ ಮತ್ತು ಪತನ. ಇಷ್ಟನ್ನು ಓದಿ ಬರೆದ ವಿದ್ಯಾರ್ಥಿಗೆ ಅಂಕ ಸಿಗುತ್ತದೆ. ಆದರೆ ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆಯ ಮಕ್ಕಳಿಗೆ ಆ ನಾಡಿನ ಬಗ್ಗೆ ಇದಕ್ಕಿಂತ ಆಳವಾದ ಒಂದು ವಿಷಯ ಆಗಲೇ ಗೊತ್ತಿದೆ, ತಮಗೆ ಗೊತ್ತಿದೆಯೆಂಬುದು ಮಾತ್ರ ಅವರಿಗೆ ಗೊತ್ತಿಲ್ಲ.

ತುಂಗಭದ್ರಾ ಅಣೆಕಟ್ಟಿನಿಂದ 1953ರ ನಂತರ ಕಾಲುವೆಗೆ ನೀರು ಹರಿದಾಗ ಯೋಜನೆ ಮಾಡಿದವರು ಎಣಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು. ನೀರು ಕೈಗೆ ಸಿಕ್ಕ ಮೇಲೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳಾದವು. ಎರೆಮಣ್ಣಿನಲ್ಲಿ ನೀರು ಬೇಗ ಬಸಿದುಹೋಗುವುದಿಲ್ಲ. ಅದು ಒಳಗೆ ನಿಂತು ಅಂತರ್ಜಲ ಮೇಲಕ್ಕೆ ಬರುತ್ತದೆ, ನಮ್ಮ ಬಿಸಿಲಿಗೆ ನೀರು ಆವಿಯಾಗಿ ಅದರಲ್ಲಿ ಕರಗಿದ್ದ ಉಪ್ಪು ಮಣ್ಣಿನ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ. ಅದೇ ಸವಳು. ಇದನ್ನು ಅಧ್ಯಯನ ಮಾಡಲೆಂದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ಬಹುಕಾಲದಿಂದ ಕೆಲಸ ಮಾಡುತ್ತಿದ್ದಾರೆ.

ದಕ್ಷಿಣ ಮೆಸೊಪಟೇಮಿಯದಲ್ಲೂ ಇದೇ ನಡೆಯಿತು ಎಂದು 1958ರಲ್ಲಿ ಥಾರ್ಕಿಲ್ಡ್ ಜೇಕಬ್ಸನ್ ಮತ್ತು ರಾಬರ್ಟ್ ಮೆಕಾರ್ಮಿಕ್ ಆಡಮ್ಸ್ ಎಂಬ ಇಬ್ಬರು ವಿದ್ವಾಂಸರು ವಾದಿಸಿದರು. ಅವರ ಆಧಾರ ಮಣ್ಣಿನ ಹಲಗೆಗಳ ಮೇಲಿನ ಫಸಲಿನ ಲೆಕ್ಕಗಳು. ಕಾಲ ಕಳೆದಂತೆ ಆ ಲೆಕ್ಕಗಳಲ್ಲಿ ಗೋಧಿ ಕಡಿಮೆಯಾಗುತ್ತ ಉಪ್ಪನ್ನು ಹೆಚ್ಚು ತಾಳಿಕೊಳ್ಳುವ ಬಾರ್ಲಿಯೇ ಉಳಿಯುತ್ತದೆ, ಇಳುವರಿಯೂ ಇಳಿಯುತ್ತದೆ, ಸುಮೇರಿನ ನಗರಗಳು ಬಲಗುಂದಿ ಅಧಿಕಾರದ ಕೇಂದ್ರ ಉತ್ತರದ ಬ್ಯಾಬಿಲೋನಿನತ್ತ ಸರಿದುದಕ್ಕೆ ಇದೂ ಒಂದು ಕಾರಣ ಎಂಬುದು ಅವರ ನಿಲುವು. ಈ ಭಾಗವನ್ನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ದೊಡ್ಡಪ್ಪನ ಹೊಲಾನೂ ಹಂಗ ಆಗೈತ್ರಿ, ಈಗ ಅಲ್ಲಿ ಏನೂ ಬೆಳೆಯಂಗಿಲ್ಲ" ಎಂದ. ಅವನ ಮಾತಿನಿಂದ ಚರ್ಚೆ ಕಾವೇರಿತು. ಬಸಿಗಾಲುವೆ ತೆಗೆದರೆ ಭೂಮಿ ಸುಧಾರಿಸುತ್ತದಲ್ಲ, ಸುಮೇರಿನವರು ಯಾಕೆ ತೆಗೆಯಲಿಲ್ಲ ಎಂದು ಇನ್ನೊಬ್ಬಳು ಕೇಳಿದಳು. ಅದು ಸಂಶೋಧಕರೇ ಕೇಳಿರುವ ಪ್ರಶ್ನೆ. ಜೇಕಬ್ಸನ್ ಮತ್ತು ಆಡಮ್ಸ್ ಆ ಲೆಕ್ಕಗಳನ್ನು ಓದಿದ ರೀತಿ ಸರಿಯಿಲ್ಲವೆಂದು, ಭೂಮಿಯನ್ನು ಬೀಳು ಬಿಟ್ಟು ಉಪ್ಪನ್ನು ನಿಭಾಯಿಸುವ ಕ್ರಮ ಸುಮೇರಿನವರಿಗೆ ತಿಳಿದಿತ್ತೆಂದು ನಂತರ ಬಂದ ವಿದ್ವಾಂಸರು ವಾದಿಸಿದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ಮುಗಿಯದ ಚರ್ಚೆಯನ್ನು ಮುಗಿಯದ್ದೆಂದೇ ಹೇಳುವ ಪುಸ್ತಕ ನನಗೆ ಬೇಕು. ಇದರಿಂದ ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುವುದುಂಟು. ನನ್ನ ಅನುಭವ ಬೇರೆ. ಹೊಲದ ವಿಷಯದಲ್ಲಿ, ಮಳೆಯ ವಿಷಯದಲ್ಲಿ, ದರದ ವಿಷಯದಲ್ಲಿ ದಿನವೂ ಭಿನ್ನಾಭಿಪ್ರಾಯ ಕೇಳುತ್ತ ಬೆಳೆದ ಮಕ್ಕಳಿವರು. ಇಬ್ಬರು ಬಲ್ಲವರು ಒಂದೇ ವಿಷಯವನ್ನು ಬೇರೆ ಬೇರೆಯಾಗಿ ಕಾಣಬಹುದು ಎಂಬುದು ಅವರಿಗೆ ಹೊಸದಲ್ಲ. ಪುಸ್ತಕದಲ್ಲಿ ಅಂಥದ್ದು ಕಂಡಾಗ ಅವರು ಗೊಂದಲಗೊಳ್ಳುವುದಿಲ್ಲ, ಚುರುಕಾಗುತ್ತಾರೆ.

ಹೆಸರುವಾಸಿಯಾದ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಮೊದಲು ನೆನಪಾಗುವುದು ನೆಹರೂ ಅವರ 'ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ'. 1930ರಿಂದ 1933ರವರೆಗೆ ಸೆರೆಮನೆಗಳಲ್ಲಿ ಕುಳಿತು, ಹದಿಮೂರು ವರ್ಷ ತುಂಬುತ್ತಿದ್ದ ಮಗಳಿಗೆ ಬರೆಯತೊಡಗಿದ 196 ಪತ್ರಗಳು ಅದರಲ್ಲಿವೆ. ಏಷ್ಯಾದ ನಾಡುಗಳಿಗೆ ಅಲ್ಲಿ ಸಿಕ್ಕಿರುವ ಸ್ಥಾನ ಆ ಕಾಲದ ಯಾವ ಇಂಗ್ಲಿಷ್ ಪುಸ್ತಕದಲ್ಲೂ ಸುಲಭವಾಗಿ ಸಿಗುವಂಥದ್ದಲ್ಲ. ತಂದೆಯೊಬ್ಬ ಮಗಳೊಡನೆ ಮಾತಾಡುವ ದನಿ ಇರುವುದರಿಂದ ಓದು ಭಾರವಾಗುವುದಿಲ್ಲ. ಆದರೆ ಅದು ತೊಂಬತ್ತು ವರ್ಷ ಹಳೆಯದು. ಆಮೇಲೆ ನಡೆದ ಉತ್ಖನನಗಳು, ಆಫ್ರಿಕಾದ ಚರಿತ್ರೆಯ ಬಗ್ಗೆ ಆದ ಅಪಾರ ಕೆಲಸ ಅದರಲ್ಲಿ ಇರಲು ಸಾಧ್ಯವಿಲ್ಲ. ಎರಡನೆಯ ಮಹಾಯುದ್ಧ ಇನ್ನೂ ನಡೆದೇ ಇಲ್ಲ. ಹಾಗಾಗಿ ನಾನು ಇಡೀ ಪುಸ್ತಕವನ್ನು ಓದಿಸುವುದಿಲ್ಲ. ಚೀನಾ ಮತ್ತು ಮಂಗೋಲರ ಕುರಿತ ಪತ್ರಗಳನ್ನು ಆರಿಸಿ, ಇವನ್ನು ಯಾರು, ಎಲ್ಲಿ ಕುಳಿತು, ಯಾವ ಪುಸ್ತಕಗಳನ್ನು ಕೈಯಲ್ಲಿಟ್ಟುಕೊಂಡು ಬರೆದರು ಎಂಬುದನ್ನು ಮೊದಲು ಹೇಳಿ ಓದಿಸುತ್ತೇನೆ. ವಸಾಹತು ಆಳ್ವಿಕೆಯ ವಿರುದ್ಧ ಹೋರಾಡುತ್ತ ಸೆರೆಮನೆ ಸೇರಿದ ವ್ಯಕ್ತಿ ಜಗತ್ತನ್ನು ಕಂಡ ಬಗೆಗೆ ಅದೊಂದು ದಾಖಲೆ, ಹಾಗೆ ಓದಿದಾಗಲೇ ಅದರ ಬೆಲೆ ಹೆಚ್ಚು.

ಅರ್ನ್ಸ್ಟ್ ಗೊಂಬ್ರಿಚ್ ವಿಯೆನ್ನಾದಲ್ಲಿ ತರುಣನಾಗಿದ್ದಾಗ ಮಕ್ಕಳಿಗಾಗಿ ಬರೆದ, 1935ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಪುಟ್ಟ ಜಗತ್ತಿನ ಇತಿಹಾಸ ಇನ್ನೊಂದು. ಇಂಗ್ಲಿಷಿಗೆ ಅದು ಬಂದದ್ದು 2005ರಲ್ಲಿ. ಭಾಷೆ ಎಷ್ಟು ತಿಳಿಯಾಗಿದೆಯೆಂದರೆ ಇಂಗ್ಲಿಷಿನಲ್ಲಿ ಅಲ್ಪಸ್ವಲ್ಪ ಓದಬಲ್ಲ ನಮ್ಮ ಮಕ್ಕಳೂ ನಿಘಂಟು ಹಿಡಿದು ಮುಂದುವರಿಯುತ್ತಾರೆ. ಅದರ ಜಗತ್ತು ಬಹುಮಟ್ಟಿಗೆ ಯುರೋಪು, ಅದರಲ್ಲೂ ಜರ್ಮನ್ ಮಾತಾಡುವ ಯುರೋಪು. ಆದರೂ ನಾನು ಅದನ್ನು ಪಟ್ಟಿಯಲ್ಲಿ ಇಟ್ಟಿದ್ದೇನೆ. ಕಾರಣ ಅದರ ಕೊನೆಯ ಅಧ್ಯಾಯ. ದಶಕಗಳ ನಂತರ ಅದನ್ನು ಸೇರಿಸುವಾಗ ಗೊಂಬ್ರಿಚ್, ಮೊದಲ ಮಹಾಯುದ್ಧದ ಮುಕ್ತಾಯದ ಬಗ್ಗೆ ತಾನು ಮೊದಲು ಬರೆದಿದ್ದರಲ್ಲಿ ತಿದ್ದಿಕೊಳ್ಳಬೇಕಾದದ್ದೇನು ಎಂಬುದನ್ನು ಓದುಗರಿಗೆ ನೇರವಾಗಿ ಹೇಳುತ್ತಾರೆ. ಇತಿಹಾಸಕಾರನೊಬ್ಬ ತನ್ನ ಹಿಂದಿನ ಮಾತನ್ನು ಮಕ್ಕಳ ಮುಂದೆಯೇ ಪರೀಕ್ಷಿಸುವುದನ್ನು ತೋರಿಸುವ ಪುಟಗಳು ಬೇರೆ ಎಲ್ಲಿ ಸಿಗುತ್ತವೆ?

ಎನ್‌ಸಿಇಆರ್‌ಟಿ 2006ರಲ್ಲಿ ತಂದ ಹನ್ನೊಂದನೆಯ ತರಗತಿಯ 'ಥೀಮ್ಸ್ ಇನ್ ವರ್ಲ್ಡ್ ಹಿಸ್ಟರಿ' ನನ್ನ ಅಳತೆಗೋಲಿಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಮಂಗೋಲರ ಅಧ್ಯಾಯವನ್ನೇ ನೋಡಿ. ಅಲೆಮಾರಿಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರಿಂದ ಪೆಟ್ಟು ತಿಂದ ನಗರಗಳವರು ಬರೆದದ್ದು ಎಂಬ ಸಂಗತಿಯನ್ನು ಅದು ಮುಚ್ಚಿಡದೆ ಚರ್ಚಿಸುತ್ತದೆ. 2022ರಲ್ಲಿ ಪಠ್ಯವನ್ನು ಕಡಿತಗೊಳಿಸಿದಾಗ ಇಸ್ಲಾಮಿನ ಆರಂಭಿಕ ನಾಡುಗಳು, ಅಮೆರಿಕಗಳಲ್ಲಿ ನಡೆದ ಸಂಸ್ಕೃತಿಗಳ ಮುಖಾಮುಖಿ, ಕೈಗಾರಿಕಾ ಕ್ರಾಂತಿ ಈ ಅಧ್ಯಾಯಗಳು ಹೋದವು. ಇದು ನನಗೆ ನಿಜವಾದ ನೋವು ತಂದ ಸಂಗತಿ. ಹಳೆಯ ಮುದ್ರಣದ ಪ್ರತಿಗಳು ಯಾವ ಗ್ರಂಥಾಲಯದಲ್ಲಿ ಇದ್ದರೂ ರದ್ದಿಗೆ ಹಾಕದೆ ಉಳಿಸಿಕೊಳ್ಳಬೇಕು.

ಕನ್ನಡದಲ್ಲೇ ಓದಬೇಕಾದ ವಿದ್ಯಾರ್ಥಿಗೆ ಏನಿದೆ? ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನು ಮಾಡಿದ್ದು 1930ರ ದಶಕದಲ್ಲಿ. ಜಗತ್ತನ್ನು ಕನ್ನಡದ ಮಗುವಿಗೆ ಕನ್ನಡದಲ್ಲೇ ತೋರಿಸಬೇಕೆಂಬ ಛಲ ಅಷ್ಟು ಹಿಂದೆಯೇ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶದಲ್ಲಿ ದೇಶದೇಶಗಳ ಇತಿಹಾಸದ ಮೇಲೆ ಗಟ್ಟಿಯಾದ ಲೇಖನಗಳಿವೆ, ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ ಒಂದು ವಿಷಯವನ್ನು ಹುಡುಕಿ ಟಿಪ್ಪಣಿ ಮಾಡಿಕೊಂಡು ಬರುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ ತಂದ ಇಪ್ಪತ್ತೈದು ಸಂಪುಟಗಳ 'ವಿಶ್ವಕಥಾಕೋಶ' ಇತಿಹಾಸದ ಪುಸ್ತಕವಲ್ಲ, ಆದರೆ ಒಂದು ದೇಶದ ಇತಿಹಾಸದ ಅಧ್ಯಾಯ ಮುಗಿದ ಮೇಲೆ ಆ ದೇಶದ ಒಂದು ಕಥೆಯನ್ನು ಓದಿಸಿದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಆ ನಾಡಿಗೆ ಮನೆ, ಬೀದಿ, ಮುಖಗಳು ಬರುತ್ತವೆ. ಇಷ್ಟಿದ್ದರೂ ಒಂದು ಕೊರತೆ ನಿಚ್ಚಳವಾಗಿದೆ. ಈಚಿನ ಸಂಶೋಧನೆಗಳನ್ನು ಅರಗಿಸಿಕೊಂಡು, ಆಧಾರಗಳನ್ನು ತೋರಿಸುತ್ತ, ಹದಿನೇಳರ ವಯಸ್ಸಿನವರಿಗಾಗಿ ಕನ್ನಡದಲ್ಲೇ ಯೋಚಿಸಿ ಬರೆದ ಪ್ರಪಂಚದ ಇತಿಹಾಸ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಹಂಪಿಯಲ್ಲಿ ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯ ಇರುವಾಗ ಅಂಥ ಪುಸ್ತಕಕ್ಕೆ ತುಂಗಭದ್ರೆಯ ದಂಡೆಯೇ ತಕ್ಕ ಜಾಗವೆಂದು ನನಗೆ ಅನ್ನಿಸುತ್ತದೆ.

ಅದು ಬರುವವರೆಗೆ ನಾನು ಹಿಡಿದಿರುವ ದಾರಿ, ಒಂದೇ ಪುಸ್ತಕವನ್ನು ಹುಡುಕುವುದನ್ನು ಬಿಟ್ಟು ಒಂದು ಘಟನೆಗೆ ಎರಡು ಬರಹಗಳನ್ನು ಜೋಡಿಸುವುದು. ರಾಯಚೂರಿನ ಯುದ್ಧ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೃಷ್ಣದೇವರಾಯನಿಗೂ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ 1520ರಲ್ಲಿ ನಡೆದ ಈ ಯುದ್ಧದ ಬಗ್ಗೆ, ವಿಜಯನಗರಕ್ಕೆ ಕುದುರೆ ವ್ಯಾಪಾರಕ್ಕೆ ಬಂದಿದ್ದ ಪೋರ್ಚುಗೀಸ್ ಫರ್ನಾವೊ ನೂನಿಜ್ ಸುಮಾರು ಹದಿನೈದು ವರ್ಷಗಳ ನಂತರ ವಿವರವಾಗಿ ಬರೆದಿದ್ದಾನೆ. ರಾಬರ್ಟ್ ಸ್ಯೂಯೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದರ ಇಂಗ್ಲಿಷ್ ಅನುವಾದವಿದೆ. ಕೋಟೆಯ ಮೇಲಿದ್ದವರನ್ನು ಪೋರ್ಚುಗೀಸ್ ಬಂದೂಕುಗಾರರು ಹೊಡೆದುರುಳಿಸಿದ್ದರಿಂದಲೇ ಗೆಲುವು ಬಂತೆಂಬ ಧಾಟಿ ನೂನಿಜನದು. ವಿಜಯಪುರದ ಆಸ್ಥಾನದಲ್ಲಿ ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಫಿರಿಶ್ತಾ, ಸುಲ್ತಾನ ಮದ್ಯದ ಅಮಲಿನಲ್ಲಿ ಅವಸರಪಟ್ಟು ನದಿ ದಾಟಿದ್ದೇ ಸೋಲಿಗೆ ಕಾರಣವೆನ್ನುತ್ತಾನೆ. ನೂನಿಜ್ ಕೊಟ್ಟ ಇಸವಿ 1522. ಅದು 1520 ಆಗಿರಬೇಕೆಂದು ಸ್ಯೂಯೆಲ್ ಇತರ ಆಧಾರಗಳಿಂದ ತೋರಿಸಿದ. ಬೇಕಾದ ಪುಟಗಳನ್ನು ನಾನೇ ಕನ್ನಡದಲ್ಲಿ ಬರೆದು ಝೆರಾಕ್ಸ್ ಮಾಡಿಸಿ ಹಂಚುತ್ತೇನೆ. ತನ್ನ ದೇಶದವರ ಪಾತ್ರವನ್ನು ದೊಡ್ಡದು ಮಾಡಿ ಹೇಳಲು ನೂನಿಜನಿಗೆ ಕಾರಣವಿತ್ತೇ? ಸೋಲನ್ನು ಶತ್ರುವಿನ ಬಲಕ್ಕಿಂತ ಕುಡಿತಕ್ಕೆ ಅಂಟಿಸುವುದು ಫಿರಿಶ್ತಾನಿಗೆ ಅನುಕೂಲವಾಗಿತ್ತೇ? ರಾಯಚೂರಿನ ಕೋಟೆಯ ಪಕ್ಕದಲ್ಲೇ ಬಸ್ಸು ಹತ್ತಿ ಇಳಿದು ಬೆಳೆದವರು ಈ ಪ್ರಶ್ನೆಗಳನ್ನು ಬಿಡುವುದಿಲ್ಲ.

ಇದೇ ಕ್ರಮವನ್ನು ಆಮೇಲೆ ದೂರದ ನಾಡಿಗೆ ಒಯ್ಯುತ್ತೇನೆ. ರಾಯಚೂರಿನ ಯುದ್ಧ ನಡೆದ ಮರುವರ್ಷವೇ, 1521ರ ಆಗಸ್ಟಿನಲ್ಲಿ, ಮೆಕ್ಸಿಕೋದಲ್ಲಿ ಅಜ್ಟೆಕರ ರಾಜಧಾನಿಯಾಗಿದ್ದ ಟೆನೊಚ್ಟಿಟ್ಲಾನ್ ನಗರ ಸ್ಪೇನಿನ ಕೊರ್ಟೆಸ್‌ನ ವಶವಾಯಿತು. ಅಲ್ಲಿಯೂ ಗೆದ್ದವರ ಕಡೆಯಿಂದ ಬೆರ್ನಾಲ್ ದಿಯಾಸ್ ಎಂಬ ಸೈನಿಕ ಬರೆದ ವೃತ್ತಾಂತವಿದೆ, ಸೋತವರ ಕಡೆಯಿಂದ ಅವರದೇ ನಾವಾತ್ಲ್ ಭಾಷೆಯಲ್ಲಿ ದಾಖಲಾದ ನೆನಪುಗಳಿವೆ. ನಗರವನ್ನು ಬಂದೂಕುಗಳಷ್ಟೇ ಗೆಲ್ಲಲಿಲ್ಲ, ಅಜ್ಟೆಕರ ಮೇಲೆ ಹಗೆ ಸಾಧಿಸುತ್ತಿದ್ದ ತ್ಲಾಸ್ಕಾಲದ ಸಾವಿರಾರು ಯೋಧರು ಮತ್ತು ಸಿಡುಬು ರೋಗ ಸೇರಿ ಅದನ್ನು ಕೆಡವಿದವು. ಕೊರ್ಟೆಸ್ ಬೆರಳೆಣಿಕೆಯ ಜನರೊಂದಿಗೆ ಸಾಮ್ರಾಜ್ಯ ಗೆದ್ದ ಎಂದು ಮಾತ್ರ ಹೇಳಿ ಮುಂದೆ ಹೋಗುವ ಪುಸ್ತಕವನ್ನು ನಾನು ಪಟ್ಟಿಯಿಂದ ತೆಗೆದುಬಿಡುತ್ತೇನೆ.

ನಮ್ಮ ಊರಿಗೆ ತಳುಕು ಹಾಕುವುದೇ ಗುರಿಯಾಗಬಾರದು ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಅಂತರ್ಯುದ್ಧದಿಂದ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಭಾರತದ ಹತ್ತಿಗೆ ಬೆಲೆ ಬಂದದ್ದು, ಮೊದಲ ಮಹಾಯುದ್ಧದ ತುರ್ಕಿ ಯುದ್ಧಕೈದಿಗಳನ್ನು ಬಳ್ಳಾರಿಯಲ್ಲಿ ಇರಿಸಿದ್ದು ಇವೆಲ್ಲ ತರಗತಿಗೆ ಜೀವ ತರುತ್ತವೆ. ಆದರೆ ಕೆಲವು ಚರಿತ್ರೆಗಳಿಗೆ ನಮ್ಮ ಊರಿನ ನಂಟಿಲ್ಲ, ಇರಬೇಕಾಗಿಯೂ ಇಲ್ಲ. ಹೈಟಿಯನ್ನು ನೋಡಿ. ಫ್ರಾನ್ಸಿನ ಕ್ರಾಂತಿ ಮನುಷ್ಯರೆಲ್ಲರೂ ಸಮಾನರೆಂದು ಸಾರಿದಾಗ ಫ್ರಾನ್ಸಿನದೇ ವಸಾಹತಾಗಿದ್ದ ಸಾಂ ದೊಮಿಂಗ್‌ನಲ್ಲಿ, ಎಂದರೆ ಇಂದಿನ ಹೈಟಿಯಲ್ಲಿ, ಸುಮಾರು ಐದು ಲಕ್ಷ ಆಫ್ರಿಕನ್ನರು ಕಬ್ಬಿನ ಮತ್ತು ಕಾಫಿಯ ತೋಟಗಳಲ್ಲಿ ಗುಲಾಮರಾಗಿದ್ದರು. 1791ರಲ್ಲಿ ಅವರು ದಂಗೆ ಎದ್ದರು. 1794ರಲ್ಲಿ ಫ್ರಾನ್ಸ್ ಗುಲಾಮಗಿರಿಯನ್ನು ರದ್ದು ಮಾಡಿತು, 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತರಲು ಹೊರಟ. ದಂಗೆಯ ನಾಯಕ ತುಸ್ಸಾಂ ಲೂವೆರ್ತೂರ್ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತ. ಆದರೂ 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸ್ ಆ ದೇಶಕ್ಕೆ ಮಾನ್ಯತೆ ಕೊಡುವ ಬೆಲೆಯಾಗಿ, ತನ್ನ ತೋಟಗಾರರಿಗಾದ ನಷ್ಟಕ್ಕೆ ಹದಿನೈದು ಕೋಟಿ ಫ್ರಾಂಕ್ ಕೇಳಿತು. ಬಿಡುಗಡೆಯಾದ ಜನ ತಮ್ಮ ಬಿಡುಗಡೆಗೆ ತಾವೇ ದಂಡ ಕಟ್ಟಿದರು. ಸಮಾನತೆಯ ಮಾತನ್ನು ಯಾರು ಎಷ್ಟು ದೂರ ನಡೆಸಿದರು ಎಂಬುದನ್ನು ತಿಳಿಯಲು ಇದಕ್ಕಿಂತ ಹರಿತವಾದ ಅಧ್ಯಾಯವಿಲ್ಲ. ಯಾವುದೇ ಹೊಸ ಪುಸ್ತಕ ಕೈಗೆ ಬಂದಾಗ ನಾನು ಹಿಂಬದಿಯ ಪದಸೂಚಿ ತೆರೆದು ಮೊದಲು ಹೈಟಿಯನ್ನು ಹುಡುಕುತ್ತೇನೆ. ಆಮೇಲೆ 1324ರಲ್ಲಿ ಮೆಕ್ಕಾ ಯಾತ್ರೆ ಮಾಡಿದ ಮಾಲಿಯ ದೊರೆ ಮನ್ಸಾ ಮೂಸಾನನ್ನು, 1405ರಿಂದ 1433ರವರೆಗೆ ಕಲ್ಲಿಕೋಟೆಯನ್ನೂ ಆಫ್ರಿಕಾದ ಕರಾವಳಿಯನ್ನೂ ಮುಟ್ಟಿಬಂದ ಚೀನೀ ನೌಕಾಯಾನಗಳ ಝೆಂಗ್ ಹೆಯನ್ನು ಹುಡುಕುತ್ತೇನೆ. ಪದಸೂಚಿಯೇ ಇಲ್ಲದ ಪುಸ್ತಕವನ್ನು ಗ್ರಂಥಾಲಯಕ್ಕೆ ಶಿಫಾರಸು ಮಾಡುವಾಗ ಕೈ ಹಿಂಜರಿಯುತ್ತದೆ.

ಬೆಲೆಯ ವಿಷಯ ಎರಡೇ ಮಾತಿನಲ್ಲಿ ಹೇಳಬಹುದು. ಒಂದು ದುಬಾರಿ ಸಚಿತ್ರ ವಿಶ್ವಕೋಶದ ಹಣಕ್ಕೆ ಹತ್ತಾರು ಸಣ್ಣ ಪುಸ್ತಕಗಳು ಬರುತ್ತವೆ, ಗಾಜಿನ ಬಾಗಿಲೊಳಗೆ ಬೀಗ ಹಾಕಿಡುವ ಪುಸ್ತಕಕ್ಕಿಂತ ಮನೆಗೆ ಒಯ್ಯಬಹುದಾದ ಪುಸ್ತಕ ಮೇಲು. ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ ಅದೇ ಪಟ್ಟಿಯನ್ನು ಕೊಟ್ಟರೆ ರಜೆಯಲ್ಲೂ ಓದು ನಿಲ್ಲುವುದಿಲ್ಲ.

ಈ ವರ್ಷ ಹೊಸದಾಗಿ ಜೋಡಿಸಬೇಕೆಂದಿರುವುದು 1876ರಿಂದ 1878ರವರೆಗಿನ ಬರವನ್ನು. ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಅದರ ಪೆಟ್ಟು ತೀವ್ರವಾಗಿ ಬಿದ್ದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದು, ಬರದ ಉಸ್ತುವಾರಿಗೆ ಬ್ರಿಟಿಷ್ ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಅಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಶ್ ವಾದಿಸಿದ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿ ಮಳೆ ಕೈಕೊಟ್ಟು ಲಕ್ಷಾಂತರ ಜನ ಸತ್ತರು, ಬ್ರೆಜಿಲಿನ ಈಶಾನ್ಯದ ಸಿಯಾರಾದಲ್ಲೂ ಭೀಕರ ಬರ ಬಂತು. ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯಾದ ಎಲ್ ನಿನೊ ಈ ಬರಗಳ ಹಿಂದೆ ಇತ್ತೆಂದು ಈಗ ತಿಳಿದಿದೆ. ಮಳೆ ತಪ್ಪಿದ್ದಕ್ಕೆ ಸಾಗರ ಕಾರಣ, ಜನ ಹಸಿದು ಸತ್ತದ್ದಕ್ಕೆ ಕಾರಣ ಯಾರು ಎಂಬ ಪ್ರಶ್ನೆಯನ್ನು ಮೂರೂ ಕಡೆ ಬೇರೆ ಬೇರೆಯಾಗಿ ಕೇಳಬೇಕಾಗುತ್ತದೆ. ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಜಿಲ್ಲಾ ಗ್ಯಾಜೆಟಿಯರ್‌ನ ಬರದ ಪುಟಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಶುರು ಮಾಡಿದ್ದೇನೆ. ಅದರ ಜೊತೆಗಿಡಲು ಚೀನಾದ ಆ ಬರದ ಬಗ್ಗೆ, ಅಲ್ಲಿಯವರದೇ ದಾಖಲೆಗಳನ್ನು ಆಧರಿಸಿ ಬರೆದ, ಈ ವಯಸ್ಸಿನವರಿಗೆ ದಕ್ಕುವ ಹತ್ತಿಪ್ಪತ್ತು ಪುಟಗಳ ಬರಹ ಬೇಕಾಗಿದೆ. ಓದುಗರಲ್ಲಿ ಯಾರಿಗಾದರೂ ಅಂಥದ್ದು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದೀಪಾವಳಿಯೊಳಗೆ ಸಿಕ್ಕರೆ ಈ ವರ್ಷದ ಮಕ್ಕಳಿಗೇ ಓದಿಸಬಹುದು.